ಪದಚರ್ಚೆ: ಆಪರೇಷನ್‌ಗೆ ಮುಂಚಿನ ‘ಏನೂ ಬೇಡ’ಕ್ಕೆ ಸರಿಯಾದ ಮಾತು ಯಾವುದು?

ಎಲ್ಲರಿಗೂ ನಮಸ್ಕಾರ.

ನಾನು ನರ್ಸಿಂಗ್ ಮೊದಲ ವರ್ಷದ ಮಕ್ಕಳಿಗೆ ಪಾಠ ಮಾಡುವವಳು. ಆಪರೇಷನ್‌ಗೆ ಮುಂಚೆ ಪೇಷಂಟಿನ ಮಂಚಕ್ಕೆ ‘ಎನ್‌ಪಿಓ’ ಅಂತ ಒಂದು ಫಲಕ ತೂಗುಹಾಕುತ್ತೇವೆ. ಲ್ಯಾಟಿನ್ನಿನ ‘ನಿಲ್ ಪರ್ ಓಸ್’ ಅದು, ಬಾಯಿಯ ಮೂಲಕ ಏನೂ ಬೇಡ ಅಂತ ಅರ್ಥ. ಕೆಲವು ಆಸ್ಪತ್ರೆಗಳಲ್ಲಿ ಎನ್‌ಬಿಎಂ (ಇಂಗ್ಲಿಷಿನ ‘ನಿಲ್ ಬೈ ಮೌತ್’) ಅಂತಲೂ ಇರುತ್ತದೆ. ನಮ್ಮನಮ್ಮಲ್ಲಿ “ಆರನೇ ಬೆಡ್ಡು ಎನ್‌ಪಿಓ” ಅಂದರೆ ಮುಗಿಯಿತು. ಆದರೆ ಆ ಫಲಕವನ್ನು ನಿಜವಾಗಿ ಓದಬೇಕಾದವರು ಪೇಷಂಟು ಮತ್ತು ಅವರ ಕಡೆಯವರು. ಅದನ್ನು ಕನ್ನಡದಲ್ಲಿ ಬರೆಯಲು ಕೂತಾಗ ಒಂದೊಂದು ಪದವೂ ಕೈಕೊಡುತ್ತಿದೆ. ಅದಕ್ಕೇ ಈ ಪತ್ರ.

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಪೂರ್ತಿ ಅರಿವಳಿಕೆ ಕೊಟ್ಟಾಗ ಕೆಮ್ಮಿ ಹೊರಹಾಕುವ ಶಕ್ತಿ ಇರುವುದಿಲ್ಲ. ಹೊಟ್ಟೆಯಲ್ಲಿ ಏನಾದರೂ ಉಳಿದಿದ್ದರೆ ಅದು ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಹೆರಿಗೆಯ ಹೊತ್ತಿನಲ್ಲಿ ಅರಿವಳಿಕೆ ಪಡೆದ ಹೆಂಗಸರಿಗೆ ಹೀಗಾಗುವುದನ್ನು ಅಮೆರಿಕದ ಡಾಕ್ಟರ್ ಕರ್ಟಿಸ್ ಮೆಂಡೆಲ್ಸನ್ 1946ರಲ್ಲಿ ವಿವರವಾಗಿ ಬರೆದರು. ಅರಿವಳಿಕೆಗೆ ಎಷ್ಟು ಹೊತ್ತು ಮುಂಚೆ ನಿಲ್ಲಿಸಬೇಕು ಅನ್ನುವುದಕ್ಕೆ ಈಗಿನ ಸಾಮಾನ್ಯ ಲೆಕ್ಕ ಹೀಗಿದೆ: ಹಗುರವಾದ ತಿಂಡಿ ಮತ್ತು ಹಸುವಿನ ಹಾಲಿಗೆ 6 ಗಂಟೆ, ಕೂಸಿಗೆ ಎದೆಹಾಲಾದರೆ 4 ಗಂಟೆ, ನೀರಿನಂಥ ತಿಳಿಯಾದದ್ದಕ್ಕೆ 2 ಗಂಟೆ. ಕರಿದದ್ದು, ಮಾಂಸ ತಿಂದಿದ್ದರೆ ಇನ್ನೂ ಹೆಚ್ಚು ಹೊತ್ತು ಬೇಕು.

ಮೊದಲು ಹೊಳೆಯುವ ಪದ ‘ಉಪವಾಸ’. ನನ್ನ ಪ್ರಕಾರ ಇಲ್ಲಿ ಇದಕ್ಕಿಂತ ಅಪಾಯದ ಪದ ಬೇರೆ ಇಲ್ಲ. ನಮ್ಮ ಮನೆಗಳಲ್ಲಿ ಉಪವಾಸ ಅಂದರೆ ಅನ್ನ ಉಣ್ಣದಿರುವುದು. ಶನಿವಾರ ರಾತ್ರಿ ಉಪವಾಸದವರಿಗೆ ಉಪ್ಪಿಟ್ಟೋ ಅವಲಕ್ಕಿಯೋ ಇದ್ದೇ ಇರುತ್ತದೆ. ‘ಫಲಾಹಾರ’ ಅಂತ ಹೆಸರು, ಫಲ ಇರಲಿ ಬಿಡಲಿ. ಉತ್ತರ ಕರ್ನಾಟಕದ ಕಡೆ ಸಾಬೂದಾಣಿ ಇದೆ. ಶಿವರಾತ್ರಿಗೆ ಹಾಲು-ಹಣ್ಣು. ಏಕಾದಶಿಯ ದಿನ ತೊಟ್ಟು ನೀರನ್ನೂ ಮುಟ್ಟದವರು ಇದ್ದಾರೆ, ಆದರೆ ಎಲ್ಲರೂ ಹಾಗಲ್ಲ. ರಂಜಾನ್ ಉಪವಾಸ ಹಿಡಿದವರಿಗೆ ನೀರೂ ಇಲ್ಲ ಅನ್ನುವುದು ಸಹಜವಾಗಿ ಅರ್ಥವಾಗುತ್ತದೆ, ಆದರೆ ಅವರ ಉಪವಾಸ ಶುರುವಾಗುವುದೇ ನಸುಕಿನ ಸಹರಿ ಊಟ ಮುಗಿದ ಮೇಲೆ. ಬೆಳಿಗ್ಗೆ ಎಂಟಕ್ಕೆ ಆಪರೇಷನ್ ಇದ್ದರೆ ಕಥೆ ಏನು? ‘ನಿರಾಹಾರ’ ಅಂದರೂ ಆಗದು. ಆಹಾರ ಇಲ್ಲ ಅಂದಮೇಲೆ ಕಾಫಿಗೆ ಅಡ್ಡಿಯೇನು ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ.

‘ಖಾಲಿ ಹೊಟ್ಟೆ’, ಮೈಸೂರು ಸೀಮೆಯ ‘ಬರೀ ಹೊಟ್ಟೆ’, ಇವು ಬಳಕೆಯ ಮಾತುಗಳು, ನಿಜ. ಆದರೆ ಆಸ್ಪತ್ರೆಯಲ್ಲೇ ಇವಕ್ಕೆ ಮೂರು ಅರ್ಥ. ಸಕ್ಕರೆ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದರೆ ಎಂಟು ಗಂಟೆ ಏನೂ ತಿನ್ನದೆ ಬನ್ನಿ, ನೀರು ಕುಡಿಯಬಹುದು. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಯಲ್ಲಿ ಅಂದರೆ ನೀರಿನ ಜೊತೆ ನುಂಗಿ, ತಿಂಡಿ ಆಮೇಲೆ. ಮೂರನೆಯದು ಆಪರೇಷನ್‌ದು. ಇನ್ನು ಮನೆಯಲ್ಲಿ ಅಜ್ಜಿ “ಖಾಲಿ ಹೊಟ್ಟೇಲಿ ಕಾಫಿ ಕುಡೀಬೇಡ್ವೋ” ಅಂತ ಗದರುವಾಗ, ಕಾಫಿ ಹೋದ ಮೇಲೂ ಹೊಟ್ಟೆ ಖಾಲಿಯೇ ಇರುತ್ತದೆ ಅನ್ನುವುದು ಆ ಮಾತಿನೊಳಗೇ ಇದೆ.

ಕೇಳುವ ಪ್ರಶ್ನೆಯಲ್ಲೂ ಇದೇ ತೊಡಕು. “ಊಟ ಆಯ್ತಾ?” ಅನ್ನುವುದು ಕನ್ನಡದಲ್ಲಿ ಅರ್ಧ ಪ್ರಶ್ನೆ, ಅರ್ಧ ನಮಸ್ಕಾರ. ಬೆಳಿಗ್ಗೆ ಆರೂವರೆಗೆ ವಿದ್ಯಾರ್ಥಿನಿಯೊಬ್ಬಳು ಹರ್ನಿಯಾ ಆಪರೇಷನ್‌ನ ಅಜ್ಜರನ್ನು ಹೀಗೇ ಕೇಳಿದಳು.

“ಊಟ ಮಾಡಿದ್ರಾ ತಾತ?”

“ಇಲ್ಲಮ್ಮ, ಇಷ್ಟು ಬೆಳಿಗ್ಗೆ ಯಾರು ಊಟ ಮಾಡ್ತಾರೆ?”

“ತಿಂಡಿ?”

“ಅದೂ ಇಲ್ಲ ತಾಯಿ. ಏನೂ ತಗೊಂಡಿಲ್ಲ.”

ಅವಳು ಚಾರ್ಟಿನಲ್ಲಿ ಬರೆಯಲು ಹೊರಟಾಗ ಪಕ್ಕದಲ್ಲಿದ್ದ ಸೀನಿಯರ್ ಸಿಸ್ಟರ್ ಸುಮ್ಮನೆ ಕೇಳಿದರು: “ಎದ್ದಾಗಿಂದ ಏನೇನು ಮಾಡಿದ್ರಿ ತಾತ, ಒಂದೊಂದಾಗಿ ಹೇಳಿ.” ಮುಖ ತೊಳೆದದ್ದು, ವಿಭೂತಿ ಹಚ್ಚಿದ್ದು, ಮಗ ಕ್ಯಾಂಟೀನಿನಿಂದ ತಂದ ಟೀ, ಅದಕ್ಕೆ ಅದ್ದಿದ ಎರಡು ಬನ್ನು, ಆಮೇಲೆ ಎಲೆಅಡಿಕೆ, ಎಲ್ಲ ಸಾಲಾಗಿ ಬಂತು. ತಾತ ಸುಳ್ಳು ಹೇಳಿರಲಿಲ್ಲ. ಊಟ ಅಂದರೆ ಮುದ್ದೆ-ಅನ್ನ, ತಿಂಡಿ ಅಂದರೆ ಒಲೆಯ ಮೇಲೆ ಮಾಡಿದ್ದು. ಬನ್ನು ಅವರ ಪಾಲಿಗೆ ಟೀಯ ಲೆಕ್ಕಕ್ಕೆ ಸೇರಿದ್ದು. ಆಪರೇಷನ್ ಮಧ್ಯಾಹ್ನಕ್ಕೆ ಹೋಯಿತು. ಅಂದಿನಿಂದ ನನ್ನ ತರಗತಿಯಲ್ಲಿ ‘ಊಟ ಆಯ್ತಾ’, ‘ಅರ್ಥ ಆಯ್ತಾ’ ಎರಡಕ್ಕೂ ನಿಷೇಧ. ಎರಡಕ್ಕೂ ಸಿಗುವ ‘ಹೂಂ’ ಒಂದೇ ಬೆಲೆಯದು. “ನಾಳೆ ಬೆಳಿಗ್ಗೆ ಎದ್ದು ಏನು ಮಾಡ್ತೀರಿ, ನನಗೆ ಹೇಳಿ ನೋಡೋಣ” ಅಂತ ಕೇಳಿ ಅಂತೇನೆ. ಅವರ ಬಾಯಿಂದಲೇ “ಒಂದ್ ಲೋಟ ಹಾಲು ಕುಡಿದು…” ಅಂತ ಬಂದರೆ ಆಗ ಹಿಡಿಯಬಹುದು.

ಫಲಕಕ್ಕೆ ವಾಪಸ್ ಬರೋಣ. ಸರ್ಕಾರಿ ಕನ್ನಡದ ‘ಆಹಾರ ಮತ್ತು ಪಾನೀಯಗಳನ್ನು ಸೇವಿಸತಕ್ಕದ್ದಲ್ಲ’ ಬೇಡ. ಅದನ್ನು ಓದಿ ಮುಗಿಸುವಷ್ಟರಲ್ಲಿ ಟೀ ತಣ್ಣಗಾಗಿರುತ್ತದೆ, ಕುಡಿದೂ ಆಗಿರುತ್ತದೆ. ‘ಬಾಯಿಗೆ ಏನೂ ಹಾಕಿಕೊಳ್ಳಬೇಡಿ’ ಅನ್ನುವುದು ಎಲೆಅಡಿಕೆ, ಗುಟ್ಕಾಗೂ ಅನ್ವಯಿಸುತ್ತದೆ, ಅದು ಅದರ ಗುಣ. ಆದರೆ ಕುಡಿಯುವುದಕ್ಕೆ ‘ಹಾಕಿಕೊಳ್ಳುವುದು’ ಅಂದರೆ ನಮ್ಮ ಗಂಡಸರ ವಾರ್ಡಿನಲ್ಲಿ ಒಂದೇ ಅರ್ಥ, ಮತ್ತು ಅದು ಹಾಲಲ್ಲ.

ಸದ್ಯಕ್ಕೆ ನಾನು ಬರೆದಿಟ್ಟಿರುವುದು ಇದು: ‘ತಿನ್ನಬೇಡಿ. ಕುಡಿಯಬೇಡಿ. ನೀರೂ ಬೇಡ.’ ಕೆಳಗೆ ಕೈಯಲ್ಲಿ ತುಂಬಲು ಗಂಟೆಯ ಜಾಗ. ಇದರಲ್ಲೂ ಒಂದು ಸಣ್ಣ ತಂಟೆ. ‘ನೀರೂ’ದ ದೀರ್ಘ ಅಳಿಸಿದರೆ ಅಥವಾ ಕಣ್ತಪ್ಪಿದರೆ ‘ನೀರು ಬೇಡ’ ಆಗುತ್ತದೆ. ನೀರು ತಾನೇ ಬೇಡ ಅಂದದ್ದು, ಎಳನೀರು ಕೊಡೋಣ ಅನ್ನುವ ಅತ್ತೆಯರು ಇದ್ದಾರೆ. ‘ತೊಟ್ಟು ನೀರು ಕೂಡ ಬೇಡ’ ಅಂದರೆ ದೀರ್ಘದ ಹಂಗಿಲ್ಲ. ಹಾಗಂತ ಬಿಪಿ ಮಾತ್ರೆಯನ್ನು ಒಂದು ಗುಟುಕು ನೀರಲ್ಲಿ ತಗೊಳ್ಳಿ ಅಂತ ಡಾಕ್ಟರು ಹೇಳಿದ್ದರೆ, ‘ತೊಟ್ಟು’ ಮತ್ತು ‘ಗುಟುಕು’ ಜಗಳಕ್ಕೆ ನಿಲ್ಲುತ್ತವೆ. ಮಾತ್ರೆಯ ಸಾಲನ್ನು ಬೇರೆಯಾಗಿ ಬರೆಯುವುದೇ ವಾಸಿ ಅನ್ನಿಸುತ್ತದೆ.

ಇನ್ನೊಂದು ಪದ ಸಿಕ್ಕದೆ ಕೂತಿದೆ. ಎರಡು ಗಂಟೆ ಮುಂಚಿನವರೆಗೆ ಕುಡಿಯಬಹುದಾದ ‘ಕ್ಲಿಯರ್ ಫ್ಲೂಯಿಡ್’: ನೀರು, ಹಾಲಿಲ್ಲದ ಟೀ, ತಿರುಳಿಲ್ಲದ ಹಣ್ಣಿನ ರಸ. ‘ದ್ರವಾಹಾರ’ ಅಂದರೆ ಅಂಬಲಿ, ಗಂಜಿ, ಮಜ್ಜಿಗೆ ಎಲ್ಲ ಬಂದುಬಿಡುತ್ತವೆ. ‘ತಿಳಿ’ ಒಳ್ಳೆಯ ಪದ, ಆದರೆ ತಿಳಿಸಾರು, ತಿಳಿಮಜ್ಜಿಗೆ, ಗಂಜಿಯ ತಿಳಿ ಮೂರೂ ನಮಗೆ ಬೇಡವಾದವೇ. ಗಾಜಿನ ಲೋಟದ ಹಿಂದೆ ಬೆರಳಿಟ್ಟರೆ ಬೆರಳು ಕಾಣಬೇಕು ಅಂತ ತೋರಿಸಿ ಹೇಳುತ್ತೇನೆ. ತೋರಿಸಿದರೆ ತಿಳಿಯುತ್ತದೆ, ಬರೆಯಲು ಪದವಿಲ್ಲ.

ಕಲಬುರಗಿ, ಬೀದರ್, ಕರಾವಳಿ, ಕೊಡಗಿನ ಕಡೆಯವರು ದಯವಿಟ್ಟು ಬರೆಯಿರಿ. ಹಾಲಿಲ್ಲದ, ತಿರುಳಿಲ್ಲದ, ಆಚೆ ಕಾಣುವಂಥ ಕುಡಿಯುವ ಪದಾರ್ಥಕ್ಕೆ ನಿಮ್ಮಲ್ಲಿ ಬೇರೆ ಮಾತು ಇದೆಯೇ? ನೀರನ್ನೂ ಮುಟ್ಟದ ಉಪವಾಸಕ್ಕೆ ಮನೆಯಲ್ಲಿ ಏನನ್ನುತ್ತೀರಿ? ನಿಘಂಟಿನ ಪದಕ್ಕಿಂತ ನಿಮ್ಮ ಅಮ್ಮಂದಿರು ಬಾಯಲ್ಲಿ ಆಡುವ ಪದ ಕಳಿಸಿದರೆ ನನ್ನ ಕೆಲಸಕ್ಕೆ ಹೆಚ್ಚು ಅನುಕೂಲ.