ವಿದೇಶಿ ದೇಣಿಗೆಯಲ್ಲಿ ಮನೆ, ಚರಂಡಿ: ಸಹಿ ಹಾಕುವ ಮೊದಲು ಏನು ಕೇಳಬೇಕು?

ಹೊಳೆದಂಡೆಯವಳು, ಶಿವಮೊಗ್ಗ

ನಮ್ಮ ಕೇರಿ ತುಂಗೆಗೆ ಹತ್ತಿರ, ತಗ್ಗಿನಲ್ಲಿದೆ. 2019ರ ಆಗಸ್ಟ್‌ನಲ್ಲಿ ಹೊಳೆ ಉಕ್ಕಿದಾಗ ಮಣ್ಣಿನ ಗೋಡೆಗಳು ಕುಸಿದವು. ಅಕ್ಕಿ, ಹಾಸಿಗೆ, ಮಕ್ಕಳ ಪುಸ್ತಕ ಎಲ್ಲ ನೀರುಪಾಲಾಯಿತು. ಈಗ ಒಂದು ಸಂಸ್ಥೆಯವರು ಹೊರದೇಶದ ದಾನಿಗಳ ಹಣದಿಂದ ಮನೆ, ಚರಂಡಿ ಕಟ್ಟಿಸಿಕೊಡುತ್ತೇವೆ ಎನ್ನುತ್ತಿದ್ದಾರೆ. ಮಾರ್ಚ್ ಮುಗಿಯುವುದರೊಳಗೆ ಹಣ ಖರ್ಚಾಗಬೇಕಂತೆ. ನಕ್ಷೆ ಆಗಲೇ ಸಿದ್ಧವಾಗಿದೆ: ಎಲ್ಲರಿಗೂ ಒಂದೇ ಅಳತೆಯ ತಾರಸಿ ಮನೆ. ಎಷ್ಟೋ ಮನೆಗಳಿಗೆ ಇನ್ನೂ ಹಕ್ಕುಪತ್ರವೇ ಇಲ್ಲ. ಮಹಿಳಾ ಸಂಘದ ಲೆಕ್ಕ ಬರೆಯುವವಳು ನಾನು. ಒಪ್ಪಿಗೆಯ ಕಾಗದಕ್ಕೆ ಸಹಿ ಕೇಳಿದ್ದಾರೆ. ಬೇಡ ಎನ್ನಲು ಮನಸ್ಸು ಬರುತ್ತಿಲ್ಲ, ಆಗಲಿ ಎನ್ನಲು ಧೈರ್ಯವಿಲ್ಲ. ಇಂಥ ಹಣ ಬಂದ ಬೇರೆ ಊರುಗಳಲ್ಲಿ ಏನಾಯಿತು, ತಿಳಿದವರು ಹೇಳುವಿರಾ?

ನಿವೃತ್ತ ಇಂಜಿನಿಯರ್, ತೀರ್ಥಹಳ್ಳಿ

ತಂಗಿ, ಮೊದಲು ಚರಂಡಿಯ ನಕ್ಷೆ ಹರಡಿಸಿ, ನೀರು ಕೊನೆಗೆ ಎಲ್ಲಿ ಹೋಗಿ ಬೀಳುತ್ತದೆ ಎಂದು ಬೆರಳಿಟ್ಟು ತೋರಿಸಲು ಹೇಳು. ಕೇರಿಯ ಅಂಚಿಗೆ ಬಂದು ಗೆರೆ ನಿಂತುಬಿಟ್ಟರೆ ಸಹಿ ಮಾಡಬೇಡ. ನಮ್ಮ ಮಳೆ ಗೊತ್ತಲ್ಲ, ರಾಜಕಾಲುವೆಗೆ ಸೇರದ ಚರಂಡಿ ಮೊದಲ ಆಷಾಢದಲ್ಲೇ ಹೂಳು ತುಂಬಿ ಮನೆಯೊಳಕ್ಕೆ ತಿರುಗುತ್ತದೆ.

ಇಂದೋರ್‌ನಲ್ಲಿ ನಡೆದದ್ದು ಇದೇ. ಬ್ರಿಟನ್ ಸರ್ಕಾರದ ನೆರವಿನಿಂದ 1990ರ ದಶಕದಲ್ಲಿ ಅಲ್ಲಿನ ಕೊಳೆಗೇರಿಗಳಿಗೆ ಒಳಚರಂಡಿ, ರಸ್ತೆ, ಮನೆಮನೆಗೆ ಶೌಚಾಲಯ ಬಂದವು. 1998ರಲ್ಲಿ ಆ ಯೋಜನೆಗೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿಯೂ ಸಿಕ್ಕಿತು. ಆದರೆ ನೀರಿನ ಕೊರತೆ, ಅರ್ಧಕ್ಕೆ ನಿಂತ ಜೋಡಣೆ, ನೋಡಿಕೊಳ್ಳುವವರಿಲ್ಲದ ಸ್ಥಿತಿಯಿಂದ ಅನೇಕ ಕಡೆ ಕೊಳವೆಗಳು ಕಟ್ಟಿಕೊಂಡವು ಎಂದು ನಂತರ ಹೋಗಿ ನೋಡಿದವರು ಬರೆದರು. ಪ್ರಶಸ್ತಿ ಕೊಟ್ಟವರು ಮಳೆಗಾಲದಲ್ಲಿ ಹೂಳು ತೆಗೆಯಲು ಬರುವುದಿಲ್ಲವಲ್ಲ.

ಕರಾಚಿಯ ಒರಂಗಿ ಎಂಬ ಬಡವರ ಬಡಾವಣೆಯಲ್ಲಿ ಬೇರೆಯೇ ದಾರಿ ಹಿಡಿದರು. ಸಮಾಜಸೇವಕ ಅಖ್ತರ್ ಹಮೀದ್ ಖಾನ್ 1980ರಲ್ಲಿ ಅಲ್ಲಿ ಕೆಲಸ ಶುರುಮಾಡಿದಾಗ ಚರಂಡಿಗೆ ಸಹಾಯಧನ ಕೊಡಲಿಲ್ಲ. ಒಂದೊಂದು ಓಣಿಯವರೂ ತಮ್ಮಲ್ಲೇ ಒಬ್ಬರನ್ನು ಆರಿಸಿ, ತಾವೇ ಹಣ ಕೂಡಿಸಿ ಓಣಿಯ ಚರಂಡಿ ಹಾಕಿಕೊಂಡರು. ನಕ್ಷೆ, ಅಳತೆ, ಸಲಹೆ ಮಾತ್ರ ಖಾನ್ ಅವರ ಸಂಸ್ಥೆಯದು. ದೊಡ್ಡ ಕಾಲುವೆ, ಶುದ್ಧೀಕರಣ ಘಟಕ ಸರ್ಕಾರದ ಪಾಲು. ಗುತ್ತಿಗೆದಾರರಿಲ್ಲದೆ ಖರ್ಚು ಎಷ್ಟೋ ಪಟ್ಟು ಇಳಿಯಿತು. ಮುಂದೆ ಅದೇ ನಗರದ ಕೋರಂಗಿಗೆ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ದೊಡ್ಡ ಒಳಚರಂಡಿ ಯೋಜನೆ ಬಂದಾಗ, ಇದಕ್ಕಿಂತ ಅಗ್ಗದಲ್ಲಿ ಆಗುತ್ತದೆ ಎಂದು ಒರಂಗಿಯವರು ಲೆಕ್ಕ ಮುಂದಿಟ್ಟರು. 1999ರಲ್ಲಿ ಆ ಸಾಲವೇ ರದ್ದಾಯಿತು. ಕೇರಿಯವರ ಕೈಯಲ್ಲಿ ಲೆಕ್ಕ ಇದ್ದರೆ ಇಷ್ಟು ದೂರ ಹೋಗಬಹುದು.

ಒಂದೇ ಅಳತೆಯ ತಾರಸಿ ಮನೆಗೆ ನನ್ನ ಒಪ್ಪಿಗೆಯಿಲ್ಲ. ಮದ್ರಾಸಿನಲ್ಲಿ 1977ರಿಂದ ವಿಶ್ವಬ್ಯಾಂಕ್ ಹಣದಲ್ಲಿ ಅರುಂಬಾಕ್ಕಂ, ವಿಲ್ಲಿವಾಕ್ಕಂ ಕಡೆ ಬೇರೆ ಬೇರೆ ಅಳತೆಯ ನಿವೇಶನ, ನೀರು, ರಸ್ತೆ ಕೊಟ್ಟು, ಮನೆಯನ್ನು ಜನರೇ ಬೆಳೆಸಿಕೊಳ್ಳಲು ಬಿಟ್ಟರು. ದುಡಿದಂತೆಲ್ಲ ಕೋಣೆ ಸೇರಿಸಿ, ಮಹಡಿ ಏರಿಸಿದರು. ನಿಮ್ಮಲ್ಲೂ ಜಂಬಿಟ್ಟಿಗೆ ಗೋಡೆ, ಹೆಂಚು ಹಾಕಿಕೊಳ್ಳುವವರು ಹಾಕಿಕೊಳ್ಳಲಿ. ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ: ಮನೆಯ ನೆಲ 2019ರ ನೀರಿನ ಗುರುತಿಗಿಂತ ಮೇಲಿರಬೇಕು.

ಸಂಘದ ಕಾರ್ಯಕರ್ತೆ, ಸಾಗರ

ಸರ್ ಹೇಳಿದ್ದು ಸರಿ, ಆದರೆ ಹಣ ಯಾರ ಕೈಗೆ ಬರುತ್ತದೆ ಎಂಬುದನ್ನೂ ಕೇಳಿ ಅಕ್ಕಾ. ಥಾಯ್ಲೆಂಡಿನಲ್ಲಿ 2003ರಿಂದ ನಡೆಯುತ್ತಿರುವ ಬಾನ್ ಮಂಕೊಂಗ್ ಯೋಜನೆಯಲ್ಲಿ ಸಾಲ ಹೋಗುವುದು ಕೇರಿಯ ಸಹಕಾರ ಸಂಘಕ್ಕೆ, ಗುತ್ತಿಗೆದಾರರಿಗಲ್ಲ. ಜನರು ಮೊದಲು ಉಳಿತಾಯ ಗುಂಪು ಕಟ್ಟುತ್ತಾರೆ, ಜಾಗದ ಹಕ್ಕಿಗೆ ಒಟ್ಟಾಗಿ ಚೌಕಾಸಿ ಮಾಡುತ್ತಾರೆ, ಮನೆಯ ಮಾತು ಆಮೇಲೆ. ಅಲ್ಲಿ ಹಣದ ಬಹುಪಾಲು ಅವರ ಸರ್ಕಾರದ್ದೇ, ಹಾಗಾಗಿ ದಾನಿ ಎದ್ದು ಹೋದರೂ ಕೆಲಸ ನಿಲ್ಲುವುದಿಲ್ಲ. ನಿಮ್ಮಲ್ಲೂ ಮನೆಗೆ ಕೊಡುವ ಹಣವನ್ನು ಸಂಘದ ಮೂಲಕ ಸಾಲವಾಗಿ ಕೊಡಿಸಿದರೆ, ಮರಳಿ ಬಂದದ್ದು ಮುಂದಿನ ಮನೆಗೆ ಆಗುತ್ತದೆ. ಹಕ್ಕುಪತ್ರದಲ್ಲಿ ಹೆಂಗಸಿನ ಹೆಸರೂ ಇರಲೇಬೇಕು.

ಲೆಕ್ಕ ಪರಿಶೋಧಕ, ಭದ್ರಾವತಿ

ದೇಣಿಗೆಯನ್ನು ಸಂಘದ ಮೂಲಕ ಸಾಲವಾಗಿ ಕೊಡಿಸಿ ಎಂದು ಸಾಗರದ ಮೇಡಂ ಹೇಳಿದ ದಾರಿಗೆ ಕಾನೂನಿನ ತೊಡಕಿದೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ತಿದ್ದುಪಡಿಯಾದ ಮೇಲೆ, ಒಂದು ಸಂಸ್ಥೆ ಪಡೆದ ವಿದೇಶಿ ದೇಣಿಗೆಯನ್ನು ಇನ್ನೊಂದಕ್ಕೆ ವರ್ಗಾಯಿಸುವಂತಿಲ್ಲ. ಆಡಳಿತ ವೆಚ್ಚಕ್ಕೆ ಶೇಕಡಾ 20ಕ್ಕಿಂತ ಹೆಚ್ಚು ಬಳಸುವಂತಿಲ್ಲ. ಅವರ ಖರ್ಚಿನ ಪಟ್ಟಿಯಲ್ಲಿ ಅದನ್ನೂ ನೋಡಿ. ಚರಂಡಿ, ನೆಲ ಎತ್ತರಿಸುವ ಕೆಲಸಕ್ಕೆ ದಾನಿಗಳ ಹಣ ಹೋಗಲಿ, ಸಂಘದ ಸಾಲ ಸ್ವಂತ ಉಳಿತಾಯದಿಂದಲೇ ನಡೆಯಲಿ. ನಿಮ್ಮ ಕೇರಿ 1973ರ ಕೊಳಚೆ ಪ್ರದೇಶಗಳ ಕಾಯ್ದೆಯಡಿ ಘೋಷಣೆಯಾಗಿದೆಯೇ? ಆಗಿದ್ದರೆ ಹಕ್ಕುಪತ್ರದ ದಾರಿ ಹತ್ತಿರ. ಇಷ್ಟು ಹೇಳಿಯೂ ನನ್ನ ಮಾತು ಒಂದೇ: ಹಣವನ್ನು ತಿರಸ್ಕರಿಸಬೇಡಿ. ಸರ್ಕಾರದ ಸರದಿಗೆ ಕಾದರೆ ಇನ್ನೆಷ್ಟು ಮಳೆಗಾಲ ಕಳೆಯಬೇಕೋ.

ಹೊಳೆದಂಡೆಯವಳು, ಶಿವಮೊಗ್ಗ

ಎಲ್ಲರಿಗೂ ಕೃತಜ್ಞತೆ. ಘೋಷಣೆಯ ವಿಷಯ ಸೋಮವಾರ ಕೊಳಚೆ ಅಭಿವೃದ್ಧಿ ಮಂಡಳಿಯ ಕಚೇರಿಯಲ್ಲಿ ವಿಚಾರಿಸುತ್ತೇನೆ. ಸಂಸ್ಥೆಯವರನ್ನು ಭಾನುವಾರ ಕೇರಿಗೇ ಕರೆದಿದ್ದೇವೆ, ಚರಂಡಿಯ ನಕ್ಷೆ ಜೊತೆಗೆ ತರಲು ಹೇಳಿದ್ದೇನೆ. ತೀರ್ಥಹಳ್ಳಿಯ ಅಣ್ಣಾ, ಇಳಿಜಾರು ಸರಿಯಿದೆಯೇ ಎಂದು ನಾವೇ ಪರೀಕ್ಷಿಸಲು ನೀರು ತುಂಬಿದ ಪಾರದರ್ಶಕ ಪೈಪು ಸಾಕೇ, ಬೇರೆ ಉಪಕರಣ ಬೇಕೇ?

ನಿವೃತ್ತ ಇಂಜಿನಿಯರ್, ತೀರ್ಥಹಳ್ಳಿ

ಪೈಪು ಸಾಕು. ಒಳಗೆ ಗಾಳಿಗುಳ್ಳೆ ಉಳಿಯದಂತೆ ನೋಡಿಕೊಳ್ಳಿ. ಭಾನುವಾರ ಬೆಳಗಿನ ಬಸ್ಸಿಗೆ ನಾನೂ ಬರುತ್ತೇನೆ.