8 ಜಿಬಿ ಲ್ಯಾಪ್‌ಟಾಪಿನಲ್ಲಿ ಬ್ರೌಸರ್ ಎಂಜಿನ್ ಕೆಲಸ ಆಗುತ್ತಾ? ಮಾಡಿದವರು ಹೇಳಿ

ನವನಗರದ ಹುಡುಗ, ಬಾಗಲಕೋಟೆ
ಕೊನೇ ವರ್ಷದ ಎಂಜಿನಿಯರಿಂಗ್. ವೆಬ್ ಪುಟವನ್ನು ಪರದೆ ಮೇಲೆ ಮೂಡಿಸುವ ಯಾವುದಾದರೂ ಎಂಜಿನ್‌ಗೆ ಪ್ಯಾಚ್ (ಕೋಡಿನ ತಿದ್ದುಪಡಿ) ಕಳಿಸಬೇಕು ಅಂತ ಆಸೆ. ಸಿ++ ಬರುತ್ತೆ, ರಸ್ಟ್ ಭಾಷೆ ಕಲಿಯುತ್ತಿದ್ದೇನೆ. ಕಬ್ಬಿನ ಬಿಲ್ಲು ಬಂದ ಮೇಲೆ ಅಪ್ಪ 40 ಸಾವಿರ ಕೊಡುತ್ತೇನೆ ಅಂದಿದ್ದಾರೆ. ಹೊಸ ಮಶೀನ್ ತಗೊಳ್ಳಲೇಬೇಕಾ? ಯಾವ ಎಂಜಿನ್ ಹಿಡಿಯಲಿ?

ಟಿಳಕವಾಡಿ ಅಣ್ಣ
ತಮ್ಮಾ, 40ರಲ್ಲಿ ಮುಗಿಯಲ್ಲ. ನನ್ನ ಲೆಕ್ಕ ಕೇಳು. ಹಳೇ ಡೆಸ್ಕ್‌ಟಾಪ್ 38,500. ರ‍್ಯಾಮ್ 9,200. ಎಸ್‌ಎಸ್‌ಡಿ 5,400. ಯುಪಿಎಸ್ 3,800. ಕ್ರೋಮಿಯಂಗೆ (ಕ್ರೋಮ್ ಬ್ರೌಸರಿನ ಮೂಲ ಕೋಡ್) 100 ಜಿಬಿ ಜಾಗ ಬೇಕೇ ಬೇಕು. ಕೋಡ್ ಇಳಿಸುವಾಗ ಫೋನಿನ ಹಾಟ್‌ಸ್ಪಾಟ್ ಮೂರು ಸಲ ಕಡಿದು ಹೋಯಿತು. ಹಳೇ ಬದಲಾವಣೆಗಳ ಹಿಸ್ಟರಿ ಬೇಡ ಅಂತ ಮೊದಲೇ ಹೇಳಿದ್ದರೆ ಅರ್ಧ ಡೇಟಾ ಉಳಿಯುತ್ತಿತ್ತು, ಆಗ ಗೊತ್ತಿರಲಿಲ್ಲ. ಮೊದಲ ಬಿಲ್ಡ್ (ಕೋಡಿನಿಂದ ಬ್ರೌಸರ್ ಕಟ್ಟುವುದು) ಒಂಬತ್ತು ತಾಸು ಓಡಿತ್ತು, ಕರೆಂಟ್ ಹೋಯಿತು. ಯುಪಿಎಸ್ 12 ನಿಮಿಷಕ್ಕೇ ಕೈಕೊಟ್ಟಿತು. ಬಿಲ್ಡ್ ನಡೆಸುವ ನಿಂಜಾ ಮುಗಿಸಿದ್ದನ್ನು ಉಳಿಸಿಕೊಂಡಿರುತ್ತೆ, ಅದೊಂದು ಪುಣ್ಯ. ಆದರೆ ತುಂಡುಗಳನ್ನೆಲ್ಲಾ ಜೋಡಿಸುವ ಲಿಂಕ್ ಹಂತದಲ್ಲಿ ಮೆಮೊರಿ ಸಾಲದೆ ಸತ್ತಿತು. ಸಿಂಬಲ್ ಲೆವೆಲ್ (ಡಿಬಗ್ ಮಾಹಿತಿ) ಸೊನ್ನೆ ಮಾಡಿ, ಒಂದೇ ದೊಡ್ಡ ಫೈಲಿನ ಬದಲು ಸಣ್ಣ ಲೈಬ್ರರಿಗಳಾಗಿ ಕಟ್ಟುವ ಕಾಂಪೊನೆಂಟ್ ಬಿಲ್ಡ್ ಹಾಕಿದ ಮೇಲೆ ದಾರಿಗೆ ಬಂತು. ಎರಡು ವಾರ! ಪ್ಯಾಚ್ ಎಷ್ಟು ಗೊತ್ತಾ? ಮೂರು ಸಾಲು. ಆದರೂ ಆ ಮೂರು ಸಾಲು ನಿನ್ನ ಫೋನಿನಲ್ಲೂ ಓಡುತ್ತಿವೆ.

ಗೋಳಗುಮ್ಮಟದ ನೆರಳು, ವಿಜಯಪುರ
56,900 ರೂಪಾಯಿಗೆ ಮೂರು ಸಾಲು. ಸಾಲಿಗೆ 19 ಸಾವಿರ ಬಿತ್ತಲ್ಲ ಸರ್.

ನಾನು 2019ರಲ್ಲಿ ಸರ್ವೋ ಹಿಡಿದೆ, ಮೊಜಿಲ್ಲಾದವರು ರಸ್ಟ್‌ನಲ್ಲಿ ಶುರು ಮಾಡಿದ ಎಂಜಿನ್. ರಸ್ಟ್ ಕಲಿತಿದ್ದೇ ಅದಕ್ಕಾಗಿ. ಪುಟದಲ್ಲಿ ಯಾವುದು ಎಲ್ಲಿ ಕೂರಬೇಕು ಅಂತ ಲೆಕ್ಕ ಹಾಕುವ ಲೇಔಟಿನ ಫ್ಲೋಟ್ (ಚಿತ್ರದ ಪಕ್ಕ ಅಕ್ಷರ ಹರಿಸುವ) ಭಾಗದಲ್ಲಿ ರಾತ್ರಿ ಎಲ್ಲಾ ಕೂತಿದ್ದೇನೆ, ಅದೂ ನಮ್ಮೂರಿನ ಮೇ ತಿಂಗಳಲ್ಲಿ. ಲ್ಯಾಪ್‌ಟಾಪ್ ಕೆಳಗೆ ಒದ್ದೆ ಟವೆಲ್ ಹಾಸಿದ್ದೆ, ಅದರಿಂದಲೇ ಕೀಬೋರ್ಡ್ ಹೋಯಿತು, 2,700. 2020ರ ಆಗಸ್ಟಿನಲ್ಲಿ ಮೊಜಿಲ್ಲಾ ಆ ತಂಡವನ್ನೇ ಮನೆಗೆ ಕಳಿಸಿತು. 2023ರಲ್ಲಿ ಇಗಾಲಿಯಾ ಕಂಪನಿಯವರು ಮತ್ತೆ ಶುರು ಮಾಡಿದಾಗ, ಸರ್ವೋದಲ್ಲಿದ್ದ ಎರಡು ಲೇಔಟ್‌ಗಳಲ್ಲಿ 2020ರದ್ದನ್ನು ಆರಿಸಿಕೊಂಡರು. ನಾನು ಬೆವರು ಸುರಿಸಿದ್ದು 2013ರದ್ದರ ಮೇಲೆ.

ಟಿಳಕವಾಡಿ ಅಣ್ಣ
ಅದಕ್ಕೇ ಹೇಳುವುದು, ಓಡುವ ಬಂಡಿ ಹತ್ತಬೇಕು.

ಗೋಳಗುಮ್ಮಟದ ನೆರಳು
ನೀವು ಹತ್ತಿದ ಬಂಡಿ ಯಾರದು? ಕೆಎಚ್‌ಟಿಎಂಎಲ್ ಅನ್ನೋ ಹಳೇ ಎಂಜಿನ್‌ನಿಂದ ಆಪಲ್‌ನ ವೆಬ್‌ಕಿಟ್, ಅದರಿಂದ 2013ರಲ್ಲಿ ನಿಮ್ಮ ಕ್ರೋಮಿಯಂನ ಎಂಜಿನ್ ಬ್ಲಿಂಕ್. ಅದೇ ವರ್ಷ ಒಪೆರಾ ತನ್ನದೇ ಎಂಜಿನ್ ಪ್ರೆಸ್ಟೋ ಬಿಟ್ಟಿತು. 2018ರಲ್ಲಿ ಮೈಕ್ರೋಸಾಫ್ಟ್ ಕೂಡ ನಿಮ್ಮ ಬಂಡಿಗೇ ಬರುತ್ತೇನೆ ಅಂತು. ಎಲ್ಲರೂ ಒಂದೇ ಬಂಡಿಯಲ್ಲಿ ಕೂತರೆ ದಾರಿ ಯಾರು ಹೇಳಿದಂತೆ? ಸರ್ವೋದ ಸ್ಟೈಲೋ (ಪುಟದ ಶೈಲಿ ಲೆಕ್ಕ ಹಾಕುವ ಭಾಗ) 2017ರಲ್ಲೇ ಫೈರ್‌ಫಾಕ್ಸ್ 57ಕ್ಕೆ ಹೋಯಿತು. ಸುಮ್ನೆ ಸತ್ತ ಕೂಸು ಅನ್ನಬೇಡಿ.

ಟಿಳಕವಾಡಿ ಅಣ್ಣ
ಸತ್ತ ಕೂಸು ಅಂತ ಯಾರು ಅಂದರ್ರೀ? ನಿಮ್ಮ ಬಾಯಿಂದಲೇ ಬಂತು.

ಗೋಕಾಕದ ಅಕ್ಕ
ನಾನು ಎಂಜಿನ್ ಬಿಲ್ಡ್ ಮಾಡಿದ್ದೇ ಇಲ್ಲ. ಮಾಡಿದ್ದು ವೆಬ್ ಪ್ಲಾಟ್‌ಫಾರ್ಮ್ ಟೆಸ್ಟ್ಸ್‌ಗೆ (ಎಂಜಿನ್‌ಗಳೆಲ್ಲಾ ಹಂಚಿಕೊಳ್ಳುವ ಪರೀಕ್ಷೆಗಳ ಸಂಗ್ರಹ) ಕನ್ನಡದ ಪರೀಕ್ಷೆಗಳು. ಎರಡು ಪುಟ ಬರೆಯಬೇಕು, ಪರೀಕ್ಷೆಯದೊಂದು, ಸರಿ ಉತ್ತರದ್ದೊಂದು; ಪರದೆ ಮೇಲೆ ಎರಡರ ಚಿತ್ರವೂ ಒಂದೇ ಥರ ಬರಬೇಕು, ಅಷ್ಟೇ. ಪೈಥಾನ್ ಇದ್ದರೆ ಸಾಕು, ನನ್ನದು 4 ಜಿಬಿ ಮಶೀನು. ಪ್ಯಾರಾದ ಮೊದಲಕ್ಷರ ದೊಡ್ಡದು ಮಾಡಿದಾಗ ‘ಕ್ಷ’ ಒಡೆಯುತ್ತಾ, ‘ರ‍್ಯಾಂಕ್’ನಲ್ಲಿ ರ ಪೂರ್ತಿ ನಿಲ್ಲುತ್ತಾ, ಇಂಥವು. ಒಂದು ಪರೀಕ್ಷೆ ಯಾರೂ ನೋಡದೆ ಏಳು ತಿಂಗಳು ಕೂತಿತ್ತು. ದಿನಾ ಬೆಳಿಗ್ಗೆ ಹಾಲಿಗಿಂತ ಮೊದಲು ಅದನ್ನೇ ತೆಗೆದು ನೋಡುತ್ತಿದ್ದೆ.

ಟಿಳಕವಾಡಿ ಅಣ್ಣ
ಅಕ್ಕಾ, ಬೇಜಾರಾಗಬೇಡಿ, ಆದರೆ ಪರೀಕ್ಷೆ ಬರೆಯುವುದು ಎಂಜಿನ್ ಕೆಲಸ ಅಲ್ಲ.

ಗೋಕಾಕದ ಅಕ್ಕ
ನಿಮ್ಮ ಮೂರು ಸಾಲಿನ ಜೊತೆ ಪರೀಕ್ಷೆ ಹಾಕಿರಲಿಲ್ವಾ? ಹಾಕದೆ ಒಳಗೆ ಬಿಟ್ಟರಾ?

ಜಮಖಂಡಿ ಮೇಷ್ಟ್ರು
‘ರ್ಯಾಂಕ್’ ಅಂತಲೇ ಬರೆಯಬಹುದಲ್ಲ. ಸೂರ್ಯ, ಕಾರ್ಯ ಬರೆಯಲ್ವಾ? ನಲವತ್ತು ವರ್ಷ ಕಲಿಸಿದ್ದೇನೆ.

ಗೋಕಾಕದ ಅಕ್ಕ
ಮೇಷ್ಟ್ರೇ, ಸೂರ್ಯದಲ್ಲಿ ರಕಾರ ಅರ್ಕಾವೊತ್ತಾಗಿ ಕೊನೆಗೆ ಹೋಗುತ್ತೆ. ಪದದ ಶುರುವಿನಲ್ಲೇ ಅರ್ಕಾವೊತ್ತು ಬಂದರೆ ಹೇಗೆ ಓದೋದು? ರ ಆದ ಮೇಲೆ ಕಾಣದ ಒಂದು ಜೋಡುಗುರುತು ಹಾಕಿ, ಆಮೇಲೆ ವಿರಾಮ (ಅರ್ಧಾಕ್ಷರದ ಗುರುತು), ಆಮೇಲೆ ಯ. ಯೂನಿಕೋಡ್ ಹೇಳಿದ್ದೇ ಹಾಗೆ.

ಜಮಖಂಡಿ ಮೇಷ್ಟ್ರು
ಕಾಣದ ಗುರುತಿನಿಂದ ವ್ಯಾಕರಣ ನಡೆಯಲ್ಲ ತಾಯೀ.

ಗೋಳಗುಮ್ಮಟದ ನೆರಳು
ಮೇಷ್ಟ್ರೇ, ನಿಮ್ಮದು ಬೇರೆ ಕಡೆ ಇಟ್ಟುಕೊಳ್ಳಿ. ಇಲ್ಲಿ ಬಂಡಿ ಜಗಳ ಮುಗಿದಿಲ್ಲ.

ನವನಗರದ ಹುಡುಗ
ಅಕ್ಕಾ, ಆ ಮೊದಲಕ್ಷರದ ಪರೀಕ್ಷೆ ಯಾವ ಫೋಲ್ಡರಿನಲ್ಲಿ?

ಗೋಕಾಕದ ಅಕ್ಕ
ಸಿಎಸ್‌ಎಸ್ ಒಳಗೆ ಸಿಎಸ್‌ಎಸ್-ಸ್ಯೂಡೋ ನೋಡಪ್ಪಾ.

ಟಿಳಕವಾಡಿ ಅಣ್ಣ
ತಮ್ಮಾ, ಕಬ್ಬಿನ ಬಿಲ್ಲು ಬಂದರೆ ಹೇಳು. ನನ್ನ ಡೆಸ್ಕ್‌ಟಾಪ್ ಕೊಡುವುದಿದೆ. ಯುಪಿಎಸ್ ಹಂಗೇ ಇಟ್ಕೋ.