ಒತ್ತಡಕ್ಕೆ ಸಿಕ್ಕಿದ ಹೆಂಪ್ ಬೆಳೆ: ತಳಿತಜ್ಞೆಯೊಂದಿಗೆ ಪ್ರಶ್ನೋತ್ತರ

ಪೌರಿಯ ಸದಸ್ಯ: ಮೇಡಂ, ನಾನು ಉತ್ತರಾಖಂಡದಲ್ಲಿ ಪರವಾನಗಿ ಪಡೆದ ಹೆಂಪ್ (ನಾರು, ಬೀಜಕ್ಕಾಗಿ ಬೆಳೆಯುವ, ಅಮಲು ಕಡಿಮೆಯಿರುವ ಗಾಂಜಾ ಜಾತಿಯ ಗಿಡ) ಹೊಲವೊಂದನ್ನು ನೋಡಿಕೊಳ್ಳುತ್ತಿದ್ದೇನೆ. ಯುರೋಪಿನಿಂದ ತರಿಸಿದ ಬೀಜ ಮೊಣಕಾಲೆತ್ತರದಲ್ಲೇ ಹೂವಿಗೆ ಬಂದಿದೆ. ಮಳೆನೀರು ನಿಂತ ತಗ್ಗಿನಲ್ಲಿ ಎಲೆ ಹಳದಿಯಾಗಿದ್ದು, ಹೆಣ್ಣು ಗಿಡಗಳಲ್ಲಿ ಗಂಡು ಹೂವೂ ಕಾಣುತ್ತಿದೆ. ಈ ಒತ್ತಡದಿಂದ ಅಮಲೇರಿಸುವ ಅಂಶವಾದ ಟಿಎಚ್‌ಸಿ ಶೇ. 0.3ರ ಮಿತಿಯನ್ನು ದಾಟುತ್ತದೆಯೇ?

ತಳಿತಜ್ಞೆ: ಇವು ಮೂರೂ ಬೇರೆ ಬೇರೆ ಸಂಗತಿಗಳು. ಹೆಂಪ್ ಹಗಲು ಕಿರಿದಾದಾಗ ಹೂ ಬಿಡುವ ಗಿಡ. ಯುರೋಪಿನ ಬೇಸಿಗೆಯ ಸುಮಾರು 16 ಗಂಟೆಗಳ ಹಗಲಿಗೆ ಒಗ್ಗಿದ ತಳಿಗೆ ಪೌರಿಯ 14 ಗಂಟೆಗಳ ಜೂನ್ ಹಗಲೇ ಹೂ ಬಿಡುವ ಕಾಲದಂತೆ ತೋರುತ್ತದೆ. ಹಳದಿ ಬಣ್ಣಕ್ಕೆ ಕಾರಣ ಬೇರಿಗೆ ಗಾಳಿ ಸಿಗದಿರುವುದು; ಬಸಿಗಾಲುವೆ ತೋಡುವ ಮೊದಲು ಯೂರಿಯಾ ಹಾಕಿದರೆ ಪ್ರಯೋಜನವಿಲ್ಲ. ಒತ್ತಡದಲ್ಲಿ ಹೆಣ್ಣು ಗಿಡ ಗಂಡು ಹೂ ಬಿಡುವುದುಂಟು, ಆದರೆ ಫ್ರಾನ್ಸಿನ ಫೆಡೋರಾ, ಫ್ಯೂಚುರಾ ತಳಿಗಳಲ್ಲಿ ಒಂದೇ ಗಿಡದಲ್ಲಿ ಎರಡೂ ಹೂ ಬರುವುದು ಹುಟ್ಟುಗುಣ. ಚೀಲದ ಮೇಲೆ ತಳಿಯ ಹೆಸರು ಏನಿದೆ?

ಟಿಎಚ್‌ಸಿಯ ಬಗ್ಗೆ ಹೇಳುವುದಾದರೆ, 2021ರಲ್ಲಿ ಪ್ರಕಟವಾದ ಕಾರ್ನೆಲ್ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ಗಿಡಗಳನ್ನು ನೀರಿನಲ್ಲಿ ನಿಲ್ಲಿಸಿದರೂ, ಗಾಯ ಮಾಡಿದರೂ, ಕಳೆನಾಶಕ ಸೋಕಿಸಿದರೂ ಸಿಬಿಡಿ (ಅಮಲೇರಿಸದ ಅಂಶ) ಮತ್ತು ಟಿಎಚ್‌ಸಿಗಳ ಅನುಪಾತ ಹೆಚ್ಚೇನೂ ಬದಲಾಗಲಿಲ್ಲ. ಆ ಅನುಪಾತವನ್ನು ನಿರ್ಧರಿಸುವುದು ವಂಶವಾಹಿ. ಹೂ ಬಲಿತಷ್ಟೂ ಎರಡೂ ಏರುವುದರಿಂದ ಪರೀಕ್ಷೆಯನ್ನು ತಡಮಾಡಬೇಡಿ.

ಸದಸ್ಯ 2: ಕರ್ನಾಟಕದಲ್ಲಿ ಬೆಳೆಯಬಹುದೇ?

ತಳಿತಜ್ಞೆ: ಪರವಾನಗಿಯಿಲ್ಲದೆ ಬೆಳೆಯುವುದು ಮಾದಕವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಅಪರಾಧ.

ಸದಸ್ಯ 3: ಆಸ್ಪಿರಿನ್ ಮಾತ್ರೆ ಕರಗಿಸಿ ಸಿಂಪಡಿಸಿದರೆ ಯಾವ ಒತ್ತಡವೂ ತಟ್ಟುವುದಿಲ್ಲವೆಂದು ಸಂದೇಶ ಬಂದಿದೆ.

ತಳಿತಜ್ಞೆ: ದಯವಿಟ್ಟು ಇಂಥದ್ದನ್ನು ಇಲ್ಲಿಗೆ ತರಬೇಡಿ. ಪ್ರಮಾಣ ತಪ್ಪಿದರೆ ಎಲೆ ಸುಡುತ್ತದೆ, ನಿಂತ ನೀರಂತೂ ಹಾಗೆಯೇ ಉಳಿಯುತ್ತದೆ.

ಸದಸ್ಯ 4: ಬೆಟ್ಟದ ನಾಟಿ ಬೀಜ ಬಿತ್ತಿದ್ದರೆ ಈ ಪಾಡೇ ಇರುತ್ತಿರಲಿಲ್ಲ.

ಸದಸ್ಯ 5: ನಾಟಿ ಗಿಡದಲ್ಲಿ ಟಿಎಚ್‌ಸಿ ಮಿತಿ ಮೀರಿದರೆ ಜೈಲಿಗೆ ನೀವು ಹೋಗುತ್ತೀರಾ?

ಸದಸ್ಯ 4: ಹೊಲಕ್ಕೆ ಕಾಲಿಡದವರು ನಮಗೆ ಕಾನೂನು ಹೇಳಬೇಕಾಗಿಲ್ಲ.

ಸದಸ್ಯ 6: ನಾರು ಕೊಳ್ಳುವವರು ಯಾರು? ನಿನ್ನೆಯೂ ಕೇಳಿದ್ದೆ.

ಸದಸ್ಯ 2: ಮನೆಬಳಕೆಗೆ ನಾಲ್ಕು ಗಿಡ ಬೆಳೆಸಬಹುದಲ್ಲವೇ?

ತಳಿತಜ್ಞೆ: ಇಲ್ಲ. ಮೇಲೆ ಹೇಳಿದ್ದೇನೆ.

ಜಗಳವಾಡುತ್ತಿರುವ ಇಬ್ಬರಿಗೂ ಹೇಳುತ್ತೇನೆ: ನಾಟಿ ಗಿಡಕ್ಕೆ ಬೆಟ್ಟದ ಹಗಲು, ಚಳಿ, ಮಳೆ ಒಗ್ಗಿವೆ, ಕಡಿಮೆ ಟಿಎಚ್‌ಸಿಯ ಗುಣ ಹೊರಗಿನ ತಳಿಯಲ್ಲಿದೆ. ಎರಡನ್ನೂ ಸಂಕರಿಸಿ, ಒತ್ತಡವಿರುವ ಹೊಲದಲ್ಲೇ ತಲೆಮಾರಿನಿಂದ ತಲೆಮಾರಿಗೆ ಆರಿಸುತ್ತಾ ಪ್ರತಿ ಬಾರಿಯೂ ಟಿಎಚ್‌ಸಿ ಅಳೆಯಬೇಕು. ಗಾಳಿಯಲ್ಲಿ ಪರಾಗ ಮೈಲುಗಟ್ಟಲೆ ಹಾರುವುದರಿಂದ, ಸುತ್ತ ಕಾಡು ಹೆಂಪ್ ಗಿಡವಿದ್ದರೆ ಆ ಆಯ್ಕೆ ಒಂದೇ ಹಂಗಾಮಿನಲ್ಲಿ ಕೆಡುತ್ತದೆ.

ಪೌರಿಯ ಸದಸ್ಯ: ಚೀಲದ ಮೇಲೆ ಫ್ಯೂಚುರಾ ಎಂದಿದೆ, ಮೇಡಂ.

ತಳಿತಜ್ಞೆ: ಹಾಗಾದರೆ ಗಂಡು ಹೂವಿಗೆ ಹೆದರಬೇಡಿ. ಈ ಬೆಳೆಯ ಬೀಜವನ್ನು ಬಿತ್ತನೆಗೆ ಉಳಿಸಿಕೊಳ್ಳಬೇಡಿ. ಬಸಿಗಾಲುವೆಯನ್ನು ಇಂದೇ ತೋಡಿಸಿ.